ಸ್ಕ್ರೀನಿನೊಳಗೆ ಹುಳು ಹೊಕ್ಕರೆ: ಒತ್ತದೆ, ಕೊಲ್ಲದೆ ಹೊರಗೆ ತರುವ ಕ್ರಮ

ಟ್ಯಾಬ್‌ನ ಪರದೆಯಲ್ಲಿ ಎಳ್ಳಿಗಿಂತ ಸಣ್ಣ ಕಪ್ಪು ಗೆರೆಯೊಂದು ಹರಿದಾಡುತ್ತಿದೆ. ಬಟ್ಟೆಯಿಂದ ಒರೆಸಿದರೂ ಹೋಗುತ್ತಿಲ್ಲ, ಬೆರಳಿಟ್ಟರೆ ಬೆರಳಿನ ಕೆಳಗೇ ನಡೆದುಹೋಗುತ್ತದೆ. ಅಂದರೆ ಹುಳು ಗಾಜಿನ ಒಳಗಿದೆ. ಈ ಹೊತ್ತಿನಲ್ಲಿ ಎಲ್ಲರ ಕೈಯೂ ಅದನ್ನು ಅಮುಕಲು ಹೋಗುತ್ತದೆ. ಅಮುಕಬೇಡಿ. ಬದುಕಿರುವ ಹುಳು ಎಷ್ಟೋ ಸಲ ಒಂದು ಪೈಸೆ ಖರ್ಚಿಲ್ಲದೆ ತಾನೇ ಹೊರಗೆ ಹೋಗುತ್ತದೆ. ಇಡಿಯಾಗಿ ಸತ್ತ ಹುಳುವನ್ನು ತಟ್ಟಿ ಅಂಚಿಗೆ ಸರಿಸಬಹುದು, ಇಲ್ಲವೇ ಸಾಧನ ಬಿಚ್ಚಿ ಎತ್ತಬಹುದು. ಅರೆದುಹೋದ ಹುಳು ಹಾಗಲ್ಲ. ಅದರ ಮೈಯ ದ್ರವ ಒಳಗಿನ ತೆಳು ಹಾಳೆಗಳ ಮೇಲೆ ಹರಡಿ ಒಣಗುತ್ತದೆ, ಕಲೆ ತೆಗೆಯಲು ಹೋದರೆ ಹಾಳೆಯೇ ಹಾಳಾಗುತ್ತದೆ, ಕೊನೆಗೆ ಡಿಸ್ಪ್ಲೇಯನ್ನೇ ಬದಲಿಸಬೇಕಾಗುತ್ತದೆ. ಪುಕ್ಕಟೆ ಮುಗಿಯುವ ಕೆಲಸ ಸಾವಿರಾರು ರೂಪಾಯಿಗೆ ಏರುವುದು ಆ ಒಂದು ಒತ್ತಿನಿಂದ.

ಆದ್ದರಿಂದ ಮೊದಲು ಸ್ಕ್ರೀನ್ ಆಫ್ ಮಾಡಿ, ಚಾರ್ಜರ್ ತೆಗೆಯಿರಿ, ಕವರ್ ಬಿಚ್ಚಿ, ಸಾಧನವನ್ನು ಯಾರೂ ಮುಟ್ಟದ ಕಡೆ ಇಡಿ. ಮನೆಯಲ್ಲಿ ಮಕ್ಕಳು ಆ ಟ್ಯಾಬ್ ಬಳಸುತ್ತಿದ್ದರೆ ಅವರಿಗೂ ಹೇಳಿ. ದೊಡ್ಡವರು ಎಚ್ಚರದಿಂದ ಬಿಟ್ಟ ಹುಳುವನ್ನು ಮಕ್ಕಳು ಆಟವಾಡುತ್ತಾ ಅರೆದುಬಿಡುವುದು ಸಾಮಾನ್ಯ.

ಒಳಗೆ ಬರುವವರು ಯಾರು

ಹುಳು ಯಾವುದೆಂದು ತಿಳಿದರೆ ಅದು ಯಾಕೆ ಬಂತು, ಹೇಗೆ ಹೋಗುತ್ತದೆ ಎಂಬುದೂ ಅರ್ಧ ತಿಳಿದಂತೆ.

ಉದ್ದಕ್ಕೆ ದಾರದ ತುಣುಕಿನಂತೆ, 1ರಿಂದ 2 ಮಿ.ಮೀ. ಇದ್ದರೆ ಅದು ಹೆಚ್ಚಾಗಿ ಥ್ರಿಪ್ಸ್. ಮೆಣಸಿನಕಾಯಿ, ಈರುಳ್ಳಿ, ಹೂವು ಬೆಳೆಯುವವರಿಗೆ ಇದರ ಪರಿಚಯ ಚೆನ್ನಾಗಿಯೇ ಇದೆ. 2021ರಲ್ಲಿ ಕರ್ನಾಟಕ, ಆಂಧ್ರ, ತೆಲಂಗಾಣಗಳ ಮೆಣಸಿನ ಹೊಲಗಳನ್ನು ಕಾಡಿದ ಥ್ರಿಪ್ಸ್ ಪಾರ್ವಿಸ್ಪೈನಸ್ ಎಂಬ ಜಾತಿ ಭಾರತದಲ್ಲಿ ಮೊದಲು ವರದಿಯಾದದ್ದು 2015ರಲ್ಲಿ, ಬೆಂಗಳೂರಿನ ಪಪ್ಪಾಯಿ ಗಿಡಗಳಲ್ಲಿ. ಥ್ರಿಪ್ಸ್‌ನ ಮೈಯ ಅಗಲ ಕಾಲು ಮಿ.ಮೀ. ಆಸುಪಾಸು. ಹೂವಿನ ಎಸಳಿನ ಸಂದಿ, ಎಲೆಯ ಮಡಿಕೆ ಇಂಥ ಇಕ್ಕಟ್ಟಿನಲ್ಲೇ ಬದುಕುವ ಜೀವಿ ಇದು. ಹೊಟ್ಟೆಗೂ ಬೆನ್ನಿಗೂ ಏನಾದರೂ ತಾಗುತ್ತಿದ್ದರೆ ಅದಕ್ಕೆ ನೆಮ್ಮದಿ. ಗಾಜಿಗೂ ಫ್ರೇಮಿಗೂ ನಡುವಿನ ಸಂದಿ ಅದಕ್ಕೆ ಒಗ್ಗುವುದು ಅದರಿಂದಲೇ. ಯುರೋಪಿನಲ್ಲೂ ಗೋಧಿ ಕಟಾವಿನ ಬೇಸಿಗೆಯಲ್ಲಿ ಇದೇ ಗುಂಪಿನ ಹುಳುಗಳು ಮಾನಿಟರ್, ಫೋಟೊ ಫ್ರೇಮ್‌ಗಳ ಒಳಗೆ ಸೇರುತ್ತವೆ.

ನಡು ಸಣ್ಣಗಿದ್ದು ಸರಸರ ಓಡಿದರೆ ಅದು ಇರುವೆ. ತಿಳಿಬಣ್ಣದ ಮೆತ್ತನೆಯ ಮೈ, ನಿಂತು ನಿಂತು ನಡೆಯುವ ನಡಿಗೆ ಇದ್ದರೆ ಅದು ಹಳೆ ಪುಸ್ತಕಗಳಲ್ಲಿ ಕಾಣುವ ಹೇನಿನಂಥ ಹುಳು. ಬೂಷ್ಟು ತಿಂದು ಬದುಕುವ ಇದು ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ತೇವದ ಕಪಾಟಿನಲ್ಲಿಟ್ಟ ಸಾಧನಗಳಿಗೆ ಸೇರಿಕೊಳ್ಳುತ್ತದೆ. ದೀಪಕ್ಕೆ ಮುತ್ತುವ ಭತ್ತದ ಜಿಗಿಹುಳುಗಳು 3 ಮಿ.ಮೀ.ಗೂ ದೊಡ್ಡವು. ಅವು ಗಾಜಿನ ಹೊರಗೇ ಉಳಿಯುತ್ತವೆ.

ದಾರಿ ಯಾವುದು? ಸ್ಪೀಕರ್ ತೂತು, ಚಾರ್ಜಿಂಗ್ ಪೋರ್ಟ್, ಸಿಮ್ ಟ್ರೇಯ ಅಂಚು, ಬಟನ್‌ಗಳ ಸುತ್ತಲಿನ ಸಂದಿ, ಇವೆಲ್ಲಕ್ಕಿಂತ ಹೆಚ್ಚಾಗಿ ಗಾಜಿನ ಅಂಚಿನಲ್ಲಿ ಅಂಟು ಬಿಟ್ಟ ಜಾಗ. ಕತ್ತಲ ಕೋಣೆಯಲ್ಲಿ ಬೆಳಗುತ್ತಿರುವುದು ಸ್ಕ್ರೀನ್ ಒಂದೇ ಆದರೆ ಹುಳು ಅದಕ್ಕೇ ಬರುತ್ತದೆ, ಅಂಚಿನಲ್ಲಿ ಬೆಳಕು ಸೋರುವ ಸಂದಿ ಸಿಕ್ಕರೆ ಒಳಗೆ ಇಳಿಯುತ್ತದೆ. ನೀರು ತಡೆಯುವ ಐಪಿ67, ಐಪಿ68 ದರ್ಜೆಯ ಫೋನ್‌ಗಳಲ್ಲಿ ಧೂಳೂ ಹೋಗದಂತೆ ಅಂಟು ಹಾಕಿರುತ್ತಾರೆ. ಅಂಥದರೊಳಗೆ ಹುಳು ಕಂಡರೆ ಒಂದೋ ಅದನ್ನು ಹಿಂದೆ ಬಿಚ್ಚಿ ಸರಿಯಾಗಿ ಅಂಟಿಸಿಲ್ಲ, ಅಥವಾ ಒಳಗಿನ ಬ್ಯಾಟರಿ ಉಬ್ಬಿ ಡಿಸ್ಪ್ಲೇಯನ್ನು ಮೇಲೆತ್ತಿದೆ.

ಎರಡನೆಯದನ್ನು ಈಗಲೇ ನೋಡಿಕೊಳ್ಳಿ. ಸಾಧನವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅಂಚನ್ನು ನೋಡಿ. ಗಾಜು ಒಂದು ಕಡೆ ಎದ್ದಿದೆಯೇ, ಸಮತಟ್ಟಾದ ಮೇಜಿನ ಮೇಲಿಟ್ಟರೆ ಅಲುಗುತ್ತದೆಯೇ, ಹಿಂಬದಿ ಉಬ್ಬಿದೆಯೇ? ಹೌದಾದರೆ ಹುಳುವಿನ ಚಿಂತೆ ಆಮೇಲೆ. ಉಬ್ಬಿದ ಲಿಥಿಯಂ ಬ್ಯಾಟರಿ ಬೆಂಕಿ ಹೊತ್ತಿಕೊಳ್ಳಬಲ್ಲದು. ಚಾರ್ಜ್ ಮಾಡದೆ, ಒತ್ತದೆ, ಬಿಸಿ ತಾಗಿಸದೆ ರಿಪೇರಿಯವರಿಗೆ ಕೊಟ್ಟು ಬ್ಯಾಟರಿ ಬದಲಿಸಿ. ಆಗ ಗಾಜು ಹೇಗೂ ತೆರೆಯುತ್ತದೆ, ಹುಳುವನ್ನೂ ತೆಗೆಸಬಹುದು.

ಯಾವ ಪದರದಲ್ಲಿದೆ: ಟಾರ್ಚ್ ಪರೀಕ್ಷೆ

ಮುಂದಿನ ಪ್ರತಿ ಹೆಜ್ಜೆಯೂ ಈ ಪರೀಕ್ಷೆಯ ಮೇಲೆ ನಿಂತಿದೆ, ಹಾಗಾಗಿ ಅವಸರ ಬೇಡ.

ಎಲ್‌ಸಿಡಿ ಪರದೆಯ (ಹಿಂದಿನಿಂದ ದೀಪ ಬೆಳಗುವ ಬಗೆ) ಸಾಧನವನ್ನು ಮೇಲಿನಿಂದ ಕೆಳಕ್ಕೆ ನೋಡಿದರೆ ಮೊದಲು ಟಚ್ ಗಾಜು, ಅದರ ಕೆಳಗೆ ಎಲ್‌ಸಿಡಿ ಫಲಕ (ಎರಡು ತೆಳು ಗಾಜು, ಅವುಗಳ ಹೊರಮೈಗೆ ಅಂಟಿಸಿದ, ಬೆಳಕನ್ನು ಸೋಸುವ ಪೋಲರೈಸರ್ ಹಾಳೆಗಳು), ಅದರ ಕೆಳಗೆ ಬ್ಯಾಕ್‌ಲೈಟ್. ಬ್ಯಾಕ್‌ಲೈಟ್ ಎಂದರೆ ಒಂದೇ ವಸ್ತುವಲ್ಲ. ಬೆಳಕನ್ನು ಮುಂದಕ್ಕೆ ತಿರುಗಿಸುವ ಪ್ರಿಸಂ ಹಾಳೆಗಳು, ಬೆಳಕನ್ನು ಹರಡುವ ಡಿಫ್ಯೂಸರ್, ಅಂಚಿನ ಬೆಳಕನ್ನು ಇಡೀ ಪರದೆಗೆ ಒಯ್ಯುವ ಪಾರದರ್ಶಕ ಲೈಟ್ ಗೈಡ್ ಫಲಕ, ತಳದಲ್ಲಿ ಬಿಳಿ ಪ್ರತಿಫಲಕ, ಒಂದು ಅಂಚಿನಲ್ಲಿ ಎಲ್‌ಇಡಿ ಸಾಲು, ಇಷ್ಟೂ ಸೇರಿ ಬ್ಯಾಕ್‌ಲೈಟ್.

ಕೆಲವು ಸಾಧನಗಳಲ್ಲಿ ಟಚ್ ಗಾಜಿಗೂ ಎಲ್‌ಸಿಡಿಗೂ ನಡುವೆ ಗಾಳಿಯ ಸಂದಿ ಇರುತ್ತದೆ. 9 ಮತ್ತು 10ನೇ ತಲೆಮಾರಿನ ಸಾಧಾರಣ ಐಪ್ಯಾಡ್, 2017ರ ಮೊದಲ ನಿಂಟೆಂಡೊ ಸ್ವಿಚ್ ಗೇಮ್ ಸಾಧನ, ಕಡಿಮೆ ಬೆಲೆಯ ಅನೇಕ ಟ್ಯಾಬ್‌ಗಳು ಈ ಬಗೆಯವು. 2014ರ ಐಪ್ಯಾಡ್ ಏರ್ 2 ಮತ್ತು ನಂತರದ ಏರ್‌ಗಳು, ಇತ್ತೀಚಿನ ಬಹುತೇಕ ಫೋನ್‌ಗಳಲ್ಲಿ ಗಾಜು ಮತ್ತು ಡಿಸ್ಪ್ಲೇಯನ್ನು ಪಾರದರ್ಶಕ ಅಂಟಿನಿಂದ ಒಂದೇ ಮಾಡಿರುತ್ತಾರೆ. ಇಂಥದರಲ್ಲಿ ಗಾಜಿನ ಕೆಳಗೆ ಹುಳುವಿಗೆ ಜಾಗವಿಲ್ಲ, ಆದರೆ ಎಲ್‌ಸಿಡಿ ಆಗಿದ್ದರೆ ಬ್ಯಾಕ್‌ಲೈಟ್ ಕಡೆಯಿಂದ ಹೊಗಬಹುದು. ಪಿಕ್ಸೆಲ್‌ಗಳು ತಾವೇ ಬೆಳಗುವ ಓಎಲ್‌ಇಡಿ ಪರದೆಯಲ್ಲಿ ಬ್ಯಾಕ್‌ಲೈಟೇ ಇಲ್ಲ. ಓಎಲ್‌ಇಡಿ ಫೋನಿನಲ್ಲಿ ಹುಳು ಕಂಡರೆ ಅದು ಬಹುತೇಕ ಟೆಂಪರ್ಡ್ ಗ್ಲಾಸ್‌ನ ಕೆಳಗಿರುತ್ತದೆ, ಗ್ಲಾಸ್ ಕಿತ್ತರೆ ಕೆಲಸ ಮುಗಿಯಿತು. ಯಾವ ಸಾಧನವೇ ಆಗಲಿ, ಟೆಂಪರ್ಡ್ ಗ್ಲಾಸ್ ಇದ್ದರೆ ಮೊದಲು ಅದನ್ನು ತೆಗೆದು ನೋಡಿ.

ಈಗ ಪರೀಕ್ಷೆ. ಕೋಣೆಯ ದೀಪ ಆರಿಸಿ, ಸ್ಕ್ರೀನ್ ಪೂರ್ತಿ ಆಫ್ ಮಾಡಿ, ಟಾರ್ಚನ್ನು ಗಾಜಿಗೆ ಬಹಳ ಓರೆಯಾಗಿ ಹಿಡಿಯಿರಿ. ಹುಳು ಸ್ಪಷ್ಟವಾಗಿ, ಅದರದೇ ಬಣ್ಣದಲ್ಲಿ ಕಂಡರೆ ಅದು ಟಚ್ ಗಾಜಿಗೂ ಎಲ್‌ಸಿಡಿಗೂ ನಡುವೆ ಇದೆ. ತಲೆಯನ್ನು ಎಡಬಲಕ್ಕೆ ಸರಿಸಿ ನೋಡಿದರೆ ಅದರ ನೆರಳು ಅದರಿಂದ ಬೇರೆಯಾಗಿ ಕೆಳಗಿನ ಪದರದ ಮೇಲೆ ಬೀಳುವುದೂ ಕಾಣುತ್ತದೆ. ಸ್ಕ್ರೀನ್ ಆಫ್ ಇದ್ದಾಗ ಏನೂ ಕಾಣದೆ, ಬಿಳಿ ಚಿತ್ರ ತುಂಬಿಸಿ ಆನ್ ಮಾಡಿದಾಗ ಮಾತ್ರ ಕಪ್ಪು ನೆರಳಾಗಿ ಕಂಡರೆ ಅದು ಎಲ್‌ಸಿಡಿಯ ಹಿಂದೆ ಇದೆ. ನೆರಳಿನ ಅಂಚು ಚೂಪಾಗಿದ್ದು ಕಾಲುಗಳೂ ಎಣಿಸುವಂತಿದ್ದರೆ ಎಲ್‌ಸಿಡಿಯ ಬೆನ್ನಿಗೇ ಇದೆ. ಮಸುಕಾದ ಮಚ್ಚೆಯಾಗಿದ್ದರೆ ಡಿಫ್ಯೂಸರ್‌ನ ಕೆಳಗೆ, ಇನ್ನೂ ಆಳದಲ್ಲಿದೆ.

ಅಲುಗಾಡದ ಚುಕ್ಕೆಯಾದರೆ ಅದು ಹುಳುವೇ ಹೌದೇ ಎಂದೂ ಖಚಿತ ಮಾಡಿಕೊಳ್ಳಿ. ಭೂತಗನ್ನಡಿಯಲ್ಲಿ ನೋಡಿದಾಗ ಅಂಚು ನೇರವಾಗಿದ್ದು ಚೌಕ ಅಥವಾ ಆಯತವಾಗಿದ್ದರೆ, ಕೆಂಪು, ಹಸಿರು, ನೀಲಿ, ಬಿಳಿ ಚಿತ್ರಗಳನ್ನು ಒಂದೊಂದಾಗಿ ತುಂಬಿಸಿದಾಗ ಯಾವುದೋ ಬಣ್ಣದಲ್ಲಿ ಮಾತ್ರ ಕಂಡರೆ ಅದು ಕೆಟ್ಟ ಪಿಕ್ಸೆಲ್. ಹುಳುವಿನ ನೆರಳು ಎಲ್ಲ ಬಣ್ಣದ ಮೇಲೂ ಕಪ್ಪಾಗಿಯೇ ಇರುತ್ತದೆ.

ಬದುಕಿದ್ದರೆ: ಬೆಳಕು ತೋರಿಸಿ ಕರೆಯುವುದು

ಹುಳು ಬಂದದ್ದು ಬೆಳಕಿಗಾಗಿ. ಹೋಗಬೇಕಾದರೆ ಹೊರಗಿನ ಬೆಳಕು ಒಳಗಿನದಕ್ಕಿಂತ ಹೆಚ್ಚಾಗಬೇಕು. ಸ್ಕ್ರೀನ್ ಉರಿಯುತ್ತಿರುವವರೆಗೆ ಅದು ಹೊರಡುವುದಿಲ್ಲ.

ಸಾಧನವನ್ನು ಪವರ್ ಆಫ್ ಮಾಡಿ. ಪರದೆ ತಣ್ಣಗಾಗಲಿ. ಕವರ್, ಸಿಮ್ ಟ್ರೇ, ಹೆಡ್‌ಫೋನ್ ಪಿನ್, ಮೆಮೊರಿ ಕಾರ್ಡ್ ಎಲ್ಲ ತೆಗೆದು ಸಂದಿಗಳನ್ನು ತೆರವು ಮಾಡಿ. ಕಿಟಕಿ ಮುಚ್ಚಿ ಕೋಣೆ ಕತ್ತಲಾಗಿಸಿ. ಹುಳುವಿಗೆ ಹತ್ತಿರದ ಅಂಚು ಯಾವುದೆಂದು ನೋಡಿ, ಆ ಅಂಚಿನಿಂದ 3ರಿಂದ 5 ಸೆಂ.ಮೀ. ದೂರದಲ್ಲಿ ಸಣ್ಣ ಎಲ್‌ಇಡಿ ದೀಪವೊಂದನ್ನು ಗಾಜಿನ ಮಟ್ಟಕ್ಕೇ ಇಡಿ. ಬೆಳಕು ಮೇಲಿನಿಂದ ಬಿದ್ದರೆ ಹುಳು ಮೇಲಕ್ಕೆ ಹತ್ತಲು ನೋಡಿ ಅಲ್ಲೇ ಸುತ್ತುತ್ತದೆ. ಬೆಳಕು ಅಂಚಿನ ಸಂದಿಯಿಂದ ಬರುವಂತಿರಬೇಕು. ಗಾಜಿನ ಮೇಲ್ಮೈಗೆ ಕಪ್ಪು ಬಟ್ಟೆ ಹೊದಿಸಿ, ಆ ಒಂದು ಅಂಚನ್ನು ಮಾತ್ರ ತೆರೆದಿಟ್ಟರೆ ಇನ್ನೂ ಒಳ್ಳೆಯದು. ಹೀಗೆ ಒಂದೆರಡು ಗಂಟೆ ಬಿಡಿ. ಹತ್ತು ನಿಮಿಷಕ್ಕೊಮ್ಮೆ ಎತ್ತಿ ನೋಡುವುದರಿಂದ ಹುಳು ಗಾಬರಿಗೊಂಡು ದಿಕ್ಕು ಬದಲಿಸುತ್ತದೆ ಅಷ್ಟೇ. ಆಗದಿದ್ದರೆ ರಾತ್ರಿಯಿಡೀ ಹಾಗೆಯೇ ಬಿಡಿ.

ಗಾಜಿಗೂ ಎಲ್‌ಸಿಡಿಗೂ ನಡುವೆ ಇರುವ ಹುಳುವಿಗೆ ಇನ್ನೊಂದು ಉಪಾಯವಿದೆ. ಪೂರ್ತಿ ಕಪ್ಪು ಚಿತ್ರವೊಂದನ್ನು ತಯಾರಿಸಿ, ಅದರಲ್ಲಿ ಹುಳು ಇರುವ ಜಾಗದ ಪಕ್ಕ ಒಂದು ಬಿಳಿ ಪಟ್ಟಿ ಬರೆಯಿರಿ. ಚಿತ್ರ ಬಿಡಿಸುವ ಯಾವ ಆ್ಯಪ್ ಆದರೂ ಸಾಕು. ಹುಳು ಪಟ್ಟಿಗೆ ಬಂದ ಮೇಲೆ ಪಟ್ಟಿಯನ್ನು ಸ್ವಲ್ಪ ಸ್ವಲ್ಪವೇ ಅಂಚಿನತ್ತ ಸರಿಸುತ್ತಾ ಹೋಗಿ. ಅಂಚು ಮುಟ್ಟಿದಾಗ ಸ್ಕ್ರೀನ್ ಆಫ್ ಮಾಡಿ ಹೊರಗಿನ ದೀಪ ಹಚ್ಚಿ. ಬ್ಯಾಕ್‌ಲೈಟ್ ಒಳಗಿನ ಹುಳುವಿಗೆ ಇದು ನಡೆಯುವುದಿಲ್ಲ. ಟ್ಯಾಬ್, ಫೋನ್‌ಗಳ ಬ್ಯಾಕ್‌ಲೈಟ್ ಸಾಮಾನ್ಯವಾಗಿ ಒಂದು ಅಂಚಿನಿಂದ ಇಡೀ ಫಲಕವನ್ನು ಬೆಳಗಿಸುತ್ತದೆ. ಮುಂದೆ ಚಿತ್ರ ಕಪ್ಪಾಗಿದ್ದರೂ ಹಿಂದೆ ಎಲ್ಲ ಕಡೆ ಬೆಳಕೇ ಇರುತ್ತದೆ. ಅಲ್ಲಿರುವ ಹುಳುವಿಗೆ ಸ್ಕ್ರೀನ್ ಆಫ್, ಹೊರಗೆ ದೀಪ ಎಂಬ ಮೊದಲ ಕ್ರಮವೊಂದೇ.

ನಡುಕವೂ ನೆರವಾಗುತ್ತದೆ. ಅಂಚನ್ನು ಕೆಳಮುಖವಾಗಿ ಹಿಡಿದು, ಲೋಹದ ಅಥವಾ ಪ್ಲಾಸ್ಟಿಕ್ ಚೌಕಟ್ಟಿನ ಮೇಲೆ ಬೆರಳ ತುದಿಯಿಂದ ಹಗುರಾಗಿ ತಟ್ಟುತ್ತಿದ್ದರೆ ಹುಳು ನಿಂತಲ್ಲಿಂದ ಹೊರಡುತ್ತದೆ. ಗಾಜಿನ ಮೇಲೆ ತಟ್ಟಬೇಡಿ. ದೊಡ್ಡ ಪರದೆಯ ನಡುಭಾಗ ಬಾಗುತ್ತದೆ, ಕೆಳಗಿರುವ ಹುಳು ಅದರಲ್ಲೇ ಸಿಕ್ಕಿ ಅರೆಯಬಹುದು.

ಇರುವೆಗಳಾದರೆ ಕ್ರಮ ಬೇರೆ. ಒಂದು ಕಂಡರೆ ಹಿಂದೆ ಹತ್ತಿರುತ್ತವೆ. ಸಿಹಿ ಅಂಟಿದ ಕವರ್ ಅವಕ್ಕೆ ಆಮಿಷ, ಬಿಸಿ ಬ್ಯಾಟರಿಯ ಪಕ್ಕ ಮೊಟ್ಟೆ ಇಡಲು ಹದವಾದ ಜಾಗ. ಸಾಧನ ಆಫ್ ಮಾಡಿ ಪೂರ್ತಿ ತಣ್ಣಗಾಗಲು ಬಿಡಿ, ಹೊರಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ, ಒಂದು ಅಡಿ ದೂರದಲ್ಲಿ ಕಾಗದದ ಮೇಲೆ ನಾಲ್ಕು ಕಾಳು ಸಕ್ಕರೆ ಇಟ್ಟು ರಾತ್ರಿ ಬಿಡಿ. ಬೆಚ್ಚಗೂ ಇಲ್ಲದ, ತಿನ್ನಲೂ ಇಲ್ಲದ ಜಾಗವನ್ನು ಅವು ತಾವೇ ಬಿಡುತ್ತವೆ. ಇರುವೆ ಚಾಕ್ ಅಥವಾ ಪುಡಿಯನ್ನು ಸಾಧನಕ್ಕೆ ತಾಗಿಸಬೇಡಿ. ಪುಡಿ ಪೋರ್ಟ್‌ನೊಳಗೆ ಹೋಗುತ್ತದೆ, ಇರುವೆಗಳೂ ಒಳಗೇ ಸಾಯುತ್ತವೆ.

ಒಳ್ಳೆಯದೆಂದು ಕಂಡು ಕೆಡಿಸುವ ಕೆಲಸಗಳು

ಫ್ರಿಜ್ಜಿನಲ್ಲಿಟ್ಟು ಹುಳುವನ್ನು ಕೊಲ್ಲುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಎರಡು ಕಾರಣಕ್ಕೆ ಅದು ತಪ್ಪು. ಹೊರಗೆ ತೆಗೆದ ಕೂಡಲೇ ತಣ್ಣನೆಯ ಫಲಕಗಳ ಮೇಲೆ ಗಾಳಿಯ ತೇವ ನೀರಾಗಿ ಕೂರುತ್ತದೆ. ಮಂಗಳೂರು, ಕಾರವಾರದ ಸೆಕೆಯಲ್ಲಿ ಅದು ಹನಿಗಟ್ಟುವಷ್ಟು ಆಗಬಹುದು, ಬೋರ್ಡ್‌ಗೆ ತೇವ ತಗುಲಿದರೆ ಹುಳುವಿಗಿಂತ ದೊಡ್ಡ ನಷ್ಟ. ಎರಡನೆಯದಾಗಿ, ಹುಳು ಸತ್ತರೆ ಪರದೆಯ ನಟ್ಟನಡುವೆಯೇ ಸಾಯಬಹುದು. ನಡೆಯುವ ಹುಳು ಹೊರಗೆ ಹೋಗಬಲ್ಲದು, ಸತ್ತದ್ದು ಹೋಗಲಾರದು. ಹುಳುವನ್ನು ಕೊಲ್ಲುವ ಯಾವ ಉಪಾಯವೂ ಬೇಡ ಎನ್ನುವುದು ಇದಕ್ಕಾಗಿ.

ಕೀಟನಾಶಕ ಸ್ಪ್ರೇಯಲ್ಲಿರುವ ದ್ರಾವಕ ಪೋಲರೈಸರ್ ಮತ್ತು ಪ್ಲಾಸ್ಟಿಕ್ಕನ್ನು ಕೆಡಿಸುತ್ತದೆ. ಪೋರ್ಟ್‌ಗೆ ಗಾಳಿ ಊದಿದರೆ ಹುಳು, ಧೂಳು ಎರಡೂ ಇನ್ನಷ್ಟು ಒಳಕ್ಕೆ ಹೋಗುತ್ತವೆ, ಮೈಕ್ ತೂತಿನ ಹಿಂದಿನ ತೆಳುಪೊರೆ ಹರಿಯಬಹುದು. ಹೇರ್ ಡ್ರೈಯರ್‌ನ ಬಿಸಿಗೆ ಹುಳು ಒಳಗೇ ಸತ್ತು ಅಂಟಿಕೊಳ್ಳಬಹುದು. ಪಿನ್, ಸೂಜಿ, ಬ್ಲೇಡು ಯಾವುದೂ ಅಂಚಿನ ಸಂದಿಗೆ ಹಾಕಬಾರದು. ಅಂಚಿನಿಂದ ಕೆಲವೇ ಮಿ.ಮೀ. ಒಳಗೆ ಟಚ್‌ನ ರಿಬ್ಬನ್ ಕೇಬಲ್ ಇರುತ್ತದೆ.

ಸತ್ತಿದ್ದರೆ

ಒಂದು ದಿನದ ಮೇಲೂ ಅಲುಗಾಡದಿದ್ದರೆ ಸತ್ತಿದೆ ಎಂದುಕೊಳ್ಳಿ. ಒಣಗಲು ಇನ್ನೆರಡು ದಿನ ಕೊಡಿ. ಒಣಗಿದ ಹುಳು ಹಗುರ, ಹಾಳೆಗೆ ಅಂಟಿರುವುದಿಲ್ಲ.

ಅದು ಟಚ್ ಗಾಜಿನ ಕೆಳಗಿನ ಗಾಳಿಯ ಸಂದಿಯಲ್ಲಿದ್ದರೆ ತಟ್ಟಿ ಸರಿಸುವುದು ಸಾಧ್ಯ. ಸಾಧನವನ್ನು ನೆಟ್ಟಗೆ ನಿಲ್ಲಿಸಿ ಹಿಡಿದು, ಮೇಲಿನ ಚೌಕಟ್ಟಿಗೆ ಪೆನ್ಸಿಲ್ಲಿನ ರಬ್ಬರ್ ತುದಿಯಿಂದ ಒಂದೇ ಸಮನಾಗಿ ತಟ್ಟಿ. ಪ್ರತಿ ತಟ್ಟಿಗೆ ಕೂದಲೆಳೆಯಷ್ಟು ಇಳಿದರೂ ಸಾಕು. ಕಪ್ಪು ಅಂಚಿನ ಹಿಂದೆ ಸೇರಿಬಿಟ್ಟರೆ ಮತ್ತೆ ಕಾಣುವುದಿಲ್ಲ. ಅಲ್ಲಿಗೆ ನಿಲ್ಲಿಸಿ, ಬಿಚ್ಚುವ ಅಗತ್ಯವಿಲ್ಲ. ಒಣ ಹವೆಯಲ್ಲಿ ಸ್ಥಿರವಿದ್ಯುತ್ತು ಹುಳುವನ್ನು ಗಾಜಿಗೆ ಹಿಡಿದಿಟ್ಟಿರುತ್ತದೆ. ಆಗ ಗಾಜಿನ ಹೊರಮೈಯನ್ನು ಸ್ವಲ್ಪವೇ ಒದ್ದೆಯಾದ ಮೈಕ್ರೊಫೈಬರ್ ಬಟ್ಟೆಯಿಂದ ಹಗುರಾಗಿ ಒರೆಸಿ ಮತ್ತೆ ತಟ್ಟಿ ನೋಡಿ. ಬ್ಯಾಕ್‌ಲೈಟ್ ಹಾಳೆಗಳ ನಡುವೆ ಸತ್ತದ್ದು ಹೀಗೆ ಸರಿಯುವುದು ಅಪರೂಪ, ಹಾಳೆಗಳು ಒಂದರ ಮೇಲೊಂದು ಒತ್ತಾಗಿ ಕೂತಿರುತ್ತವೆ.

ಬಿಚ್ಚುವುದೋ ಬೇಡವೋ

ಹುಳು ಮೂಲೆಯಲ್ಲಿದ್ದರೆ, ಸಾಧನ ಚೆನ್ನಾಗಿ ನಡೆಯುತ್ತಿದ್ದರೆ ಹಾಗೆಯೇ ಬಿಡುವುದೇ ಸರಿ. ಒಂದು ಸತ್ತ ಥ್ರಿಪ್ಸ್ ಯಾವ ಸರ್ಕ್ಯೂಟನ್ನೂ ಕೆಡಿಸುವುದಿಲ್ಲ. ವಾರಂಟಿ ಇರುವಾಗ ನೀವೇ ಬಿಚ್ಚಬೇಡಿ. ಕೀಟ ಹೊಕ್ಕದ್ದನ್ನು ವಾರಂಟಿ ಒಳಗೊಳ್ಳುತ್ತದೆಯೇ ಎಂದು ಷರತ್ತು ಓದಿ, ಸರ್ವಿಸ್ ಸೆಂಟರ್‌ನಲ್ಲಿ ಲಿಖಿತವಾಗಿ ಕೇಳಿ.

ರಿಪೇರಿ ಅಂಗಡಿಗೆ ಹೋದರೆ ಮೊದಲ ಉತ್ತರ ‘ಕಾಂಬೋ ಹಾಕಬೇಕು’ ಎಂದೇ ಬರಬಹುದು. ಕಾಂಬೋ ಎಂದರೆ ಟಚ್ ಮತ್ತು ಡಿಸ್ಪ್ಲೇ ಒಟ್ಟಿಗೆ. ಗಾಳಿಯ ಸಂದಿ ಇರುವ ಟ್ಯಾಬ್‌ಗೆ ಅದು ಬೇಕಿಲ್ಲ. ‘ಟಚ್ ಎತ್ತಿ, ಒಳಗಿನ ಹುಳು ತೆಗೆದು, ಅದೇ ಟಚ್ ಅಂಟಿಸಿ ಕೊಡ್ತೀರಾ ಅಣ್ಣ? ಗಾಜು ಒಡೆದರೆ ಯಾರ ಜವಾಬ್ದಾರಿ?’ ಎಂದು ಕೆಲಸಕ್ಕೆ ಮೊದಲೇ ಕೇಳಿಕೊಳ್ಳಿ. ಎತ್ತುವಾಗ ಗಾಜು ಒಡೆಯುವ ಸಾಧ್ಯತೆ ನಿಜಕ್ಕೂ ಇದೆ, ಅಂಗಡಿಯವರು ಹಿಂಜರಿಯುವುದು ಅದಕ್ಕೇ. ಗಾಜು, ಡಿಸ್ಪ್ಲೇ ಒಂದಾಗಿ ಅಂಟಿರುವ ಫೋನಿನಲ್ಲಿ ಬ್ಯಾಕ್‌ಲೈಟ್ ಬಿಡಿಸುವ ಕೆಲಸ ಮನೆಯಲ್ಲಿ ಮಾಡುವಂಥದ್ದಲ್ಲ.

ಟಚ್ ಗಾಜು ಎತ್ತುವುದು

ಗಾಳಿಯ ಸಂದಿಯಿರುವ ಟ್ಯಾಬನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಬೇಕಾದವು: ಹೇರ್ ಡ್ರೈಯರ್, ಸಕ್ಷನ್ ಕಪ್, ಗಿಟಾರ್ ಪಿಕ್ (ತೆಳು ಪ್ಲಾಸ್ಟಿಕ್ ಬಿಲ್ಲೆ) ಆರು, ಪ್ಲಾಸ್ಟಿಕ್ ಸ್ಪಡ್ಜರ್ (ಸಂದಿ ಎಬ್ಬುವ ಕಡ್ಡಿ), ಸಣ್ಣ ಫಿಲಿಪ್ಸ್ ಸ್ಕ್ರೂಡ್ರೈವರ್, ಚಿಮುಟ, ಕ್ಯಾಮೆರಾಗೆ ಬಳಸುವ ರಬ್ಬರ್ ಬ್ಲೋವರ್, ಪಾರದರ್ಶಕ ಟೇಪ್, ಪುಡಿಯಿಲ್ಲದ ನೈಟ್ರೈಲ್ ಕೈಗವಸು, 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್, ಡಿಸ್ಟಿಲ್ಡ್ ನೀರು, ಹೊಸ ಮೈಕ್ರೊಫೈಬರ್ ಬಟ್ಟೆ, 2 ಮಿ.ಮೀ. ಅಗಲದ ಡಬಲ್ ಸೈಡ್ ಟೇಪ್ ಅಥವಾ ಬಿ-7000 ಅಂಟು. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಎಲ್ಲವೂ ಸಿಗುತ್ತವೆ, ಬೇರೆ ಊರುಗಳಲ್ಲಿ ಮೊಬೈಲ್ ಬಿಡಿಭಾಗದ ಸಗಟು ಅಂಗಡಿ ಕೇಳಿ. ನಿಮ್ಮ ಮಾದರಿಯ ಬಿಚ್ಚುವ ವೀಡಿಯೊ ಒಂದನ್ನು ಪೂರ್ತಿ ನೋಡಿ, ಕೇಬಲ್‌ಗಳು ಯಾವ ಅಂಚಿನಲ್ಲಿವೆ ಎಂದು ಕಾಗದದ ಮೇಲೆ ಗುರುತು ಹಾಕಿಕೊಳ್ಳಿ.

ಬ್ಯಾಟರಿ ಚಾರ್ಜ್ 25 ಶೇಕಡಾಕ್ಕಿಂತ ಕೆಳಗಿರಲಿ. ತಪ್ಪಿ ಪಿಕ್ ಬ್ಯಾಟರಿಗೆ ಚುಚ್ಚಿದರೆ ಅಪಾಯ ಅಷ್ಟು ಕಡಿಮೆ. ದತ್ತಾಂಶ ಬ್ಯಾಕಪ್ ಮಾಡಿ, ಪವರ್ ಆಫ್ ಮಾಡಿ.

ಕೋಣೆಯ ಫ್ಯಾನ್ ಒಂದು ಗಂಟೆ ಮೊದಲೇ ನಿಲ್ಲಿಸಿ. ಹುಳು ತೆಗೆದು ಅದರ ಬದಲು ಹತ್ತು ಧೂಳಿನ ಕಣ ಒಳಗೆ ಹಾಕುವುದು ಈ ಕೆಲಸದಲ್ಲಿ ಅತಿ ಸಾಮಾನ್ಯ ಸೋಲು. ಸ್ನಾನದ ಮನೆಯಲ್ಲಿ ಬಿಸಿನೀರು ಬಿಟ್ಟು ಹಬೆ ತುಂಬಿಸಿ, ಹಬೆ ಧೂಳನ್ನು ಹಿಡಿದು ಇಳಿದು, ಗೋಡೆ ಒಣಗಿದ ಮೇಲೆ ಅಲ್ಲಿ ಕೂತು ಕೊನೆಯ ಜೋಡಣೆ ಮಾಡುವವರೂ ಇದ್ದಾರೆ, ಅದು ಫಲಿಸುವ ಕ್ರಮ. ಉಣ್ಣೆ, ಟವೆಲ್ ಬಟ್ಟೆ ಹತ್ತಿರ ಬೇಡ.

ಗಾಜಿನ ಅಂಚನ್ನು ಡ್ರೈಯರ್‌ನಿಂದ ಬಿಸಿ ಮಾಡಿ, ಮುಟ್ಟಿದರೆ ಕೈ ಹಿಂದೆಗೆಯುವಷ್ಟು, ಅಂದರೆ 60ರಿಂದ 70 ಡಿಗ್ರಿ ಸೆಲ್ಸಿಯಸ್. ಡ್ರೈಯರ್ ಒಂದೇ ಕಡೆ ನಿಲ್ಲಿಸದೆ ಅಂಚಿನುದ್ದಕ್ಕೂ ಆಡಿಸುತ್ತಿರಿ. ನಿಂಟೆಂಡೊ ಸ್ವಿಚ್‌ನಂಥ ಪ್ಲಾಸ್ಟಿಕ್ ಟಚ್ ಇರುವ ಸಾಧನಕ್ಕೆ ಬಿಸಿ ಇನ್ನೂ ಕಡಿಮೆ ಸಾಕು, ಹೆಚ್ಚಾದರೆ ಸೊಟ್ಟಗಾಗುತ್ತದೆ. ಕೇಬಲ್ ಇಲ್ಲದ ಅಂಚಿನಲ್ಲಿ ಸಕ್ಷನ್ ಕಪ್ ಅಂಟಿಸಿ ಎಳೆದು ಹಿಡಿಯಿರಿ, ಸಂದಿ ಬಿಟ್ಟ ಕೂಡಲೇ ಪಿಕ್ ತೂರಿಸಿ. ಪಿಕ್ ಅಂಟಿನ ಅಗಲಕ್ಕಿಂತ ಒಳಗೆ ಹೋಗಬಾರದು, 3ರಿಂದ 4 ಮಿ.ಮೀ. ಸಾಕು. ಹೆಚ್ಚು ಹೋದರೆ ಎಲ್‌ಸಿಡಿಗೆ ಗೀರು ಬೀಳುತ್ತದೆ, ಅಂಟು ಒಳಕ್ಕೆ ಎಳೆದುಕೊಳ್ಳುತ್ತದೆ. ಪಿಕ್ ಬಿಗಿಯಾದರೆ ಬಲ ಹಾಕಬೇಡಿ, ಮತ್ತೆ ಬಿಸಿ ಮಾಡಿ. ಗಾಜು ಒಡೆಯುವುದು ಹೆಚ್ಚಾಗಿ ಬಿಸಿ ಆರಿದ ಮೇಲೂ ಎಬ್ಬಿದಾಗ, ಅದರಲ್ಲೂ ಮೂಲೆಗಳಲ್ಲಿ. ಬಿಡಿಸಿದ ಕಡೆ ಒಂದೊಂದು ಪಿಕ್ ಬಿಟ್ಟು ಮುಂದೆ ಹೋಗಿ.

ನಾಲ್ಕೂ ಕಡೆ ಬಿಟ್ಟ ಮೇಲೆ ಗಾಜನ್ನು ಕೇಬಲ್ ಇರುವ ಅಂಚಿಗೆ ಪುಸ್ತಕದಂತೆ ತೆರೆಯಿರಿ, ಎಳೆಯಬೇಡಿ. ಹೋಂ ಬಟನ್ ಇರುವ ಐಪ್ಯಾಡ್‌ನಲ್ಲಿ ಆ ಬಟನ್‌ನ ಕೇಬಲ್ ಹರಿದರೆ ಬೇರೆ ಬಟನ್ ಹಾಕಿದರೂ ಬೆರಳಚ್ಚು ಮತ್ತೆ ನಡೆಯುವುದಿಲ್ಲ, ಅದು ಆ ಬೋರ್ಡ್‌ಗೇ ಜೋಡಿಯಾದ ಭಾಗ.

ಹುಳು ಈಗ ಎದುರಿಗೇ ಇದೆ. ಚಿಮುಟ ಹಾಕಬೇಡಿ, ಹಿಡಿದರೆ ಪುಡಿಯಾಗುತ್ತದೆ. ಟೇಪ್‌ನ ತುದಿಯನ್ನು ಚಿಮುಟದಲ್ಲಿ ಹಿಡಿದು, ಅಂಟಿನ ಮೈಯನ್ನು ಹುಳುವಿಗೆ ಮುಟ್ಟಿಸಿ ನೇರ ಮೇಲಕ್ಕೆತ್ತಿ. ಕಾಲು, ರೆಕ್ಕೆಯ ಚೂರು ಉಳಿದರೆ ಬ್ಲೋವರ್‌ನಿಂದ ಊದಿ. ಬಾಯಿಂದ ಊದಿದರೆ ಎಂಜಲಿನ ಹನಿ ಬೀಳುತ್ತದೆ. ಕಲೆ ಇದ್ದರೆ, ಗಾಜಿನ ಒಳಮೈಗೆ ಆಲ್ಕೊಹಾಲ್ ಬಳಸಬಹುದು. ಎಲ್‌ಸಿಡಿಯ ಮೇಲಿನ ಪೋಲರೈಸರ್‌ಗೆ ಮೊದಲು ಡಿಸ್ಟಿಲ್ಡ್ ನೀರಿನಿಂದ ತೇವ ಮಾಡಿದ ಬಟ್ಟೆ, ಕಲೆಯ ಮೇಲೆ ಅರ್ಧ ನಿಮಿಷ ಇಟ್ಟು ಒಂದೇ ದಿಕ್ಕಿಗೆ ಒರೆಸಿ. ಅಸಿಟೋನ್, ಅಮೋನಿಯಾ ಇರುವ ಗಾಜಿನ ಕ್ಲೀನರ್ ಮುಟ್ಟಿಸಲೇಬೇಡಿ, ಪೋಲರೈಸರ್ ಮಂಜಾಗಿ ಹೋಗುತ್ತದೆ.

ಬ್ಯಾಕ್‌ಲೈಟ್ ಒಳಗಿದ್ದರೆ

ಇಲ್ಲಿಂದ ಮುಂದೆ ಹಳೆಯ ಸಾಧನದಲ್ಲಿ, ಕೈ ಪಳಗಿದವರು ಮಾತ್ರ. ಡಿಸ್ಪ್ಲೇ ಕಳೆದುಕೊಂಡರೂ ಪರವಾಗಿಲ್ಲ ಎಂಬ ಸ್ಥಿತಿಯಲ್ಲಿ ಮಾತ್ರ ಕೈ ಹಾಕಿ.

ಎಲ್‌ಸಿಡಿಯನ್ನು ಬಿಡಿಸುವ ಮೊದಲು ಬ್ಯಾಟರಿಯ ಸಂಪರ್ಕ ತೆಗೆಯಿರಿ. ಬ್ಯಾಕ್‌ಲೈಟ್ ಎಲ್‌ಇಡಿಗಳು ಸಾಲಾಗಿ ಜೋಡಣೆಯಾಗಿದ್ದು ಬ್ಯಾಟರಿಗಿಂತ ಬಹಳ ಹೆಚ್ಚಿನ ವೋಲ್ಟೇಜಿನಲ್ಲಿ ಉರಿಯುತ್ತವೆ. ವಿದ್ಯುತ್ ಇರುವಾಗ ಕನೆಕ್ಟರ್ ಕಿತ್ತು ಪಕ್ಕದ ಪಿನ್‌ಗೆ ತಾಗಿದರೆ ಬೋರ್ಡಿನ ಬ್ಯಾಕ್‌ಲೈಟ್ ಫ್ಯೂಸ್ ಹೋಗುತ್ತದೆ. ಪರದೆ ಕಪ್ಪಾದಾಗ ಜನ ಎಲ್‌ಸಿಡಿ ಸತ್ತಿತೆಂದು ತಿಳಿಯುತ್ತಾರೆ.

ಡಿಸ್ಪ್ಲೇ ಘಟಕದ ಸುತ್ತ ಕಪ್ಪು ತೆಳು ಟೇಪ್ ಇರುತ್ತದೆ. ಕೇಬಲ್ ಇಲ್ಲದ ಅಂಚಿನಿಂದ ಅದನ್ನು ನಿಧಾನವಾಗಿ ಸುಲಿಯಿರಿ. ವೇಗವಾಗಿ ಸುಲಿದರೆ ಸ್ಥಿರವಿದ್ಯುತ್ತು ಹುಟ್ಟಿ ಸುತ್ತಲಿನ ಧೂಳೆಲ್ಲ ಹಾಳೆಗೆ ಬರುತ್ತದೆ. ಎಲ್‌ಸಿಡಿ ಗಾಜನ್ನು ಒಂದು ಅಂಚಿನಿಂದ ಹತ್ತಿಪ್ಪತ್ತು ಡಿಗ್ರಿ ಮಾತ್ರ ಎತ್ತಿ. ಅದು ಬಹಳ ತೆಳು, ಬಗ್ಗಿಸಿದರೆ ಬಿರುಕು ಬಿಡುತ್ತದೆ. ಹುಳು ಮೊದಲ ಹಾಳೆಯ ಮೇಲೆಯೇ ಇದ್ದರೆ ಟೇಪ್ ಮುಟ್ಟಿಸಿ ತೆಗೆದು ಮುಚ್ಚಿಬಿಡಿ. ಇನ್ನೂ ಕೆಳಗಿದ್ದರೆ ಎಲ್ಲ ಹಾಳೆಗಳ ಒಂದೇ ಮೂಲೆಯಲ್ಲಿ ಸಣ್ಣ ಗುರುತು ಹಾಕಿ, ಅಂಚನ್ನಷ್ಟೇ ಹಿಡಿದು ಒಂದೊಂದಾಗಿ ಎತ್ತಿ, ಎತ್ತಿದ ಕ್ರಮದಲ್ಲೇ ಜೋಡಿಸಿಡಿ. ಎರಡು ಪ್ರಿಸಂ ಹಾಳೆಗಳಿದ್ದರೆ ಅವುಗಳ ಗೀರು ಒಂದಕ್ಕೊಂದು ಅಡ್ಡಲಾಗಿರುತ್ತವೆ. ಕ್ರಮ ತಪ್ಪಿದರೆ, ತಲೆಕೆಳಗಾದರೆ ಪರದೆ ಮಂಕಾಗುತ್ತದೆ ಅಥವಾ ಪಟ್ಟೆ ಕಾಣುತ್ತದೆ.

ಪ್ರಿಸಂ ಹಾಳೆಯನ್ನು ಒರೆಸುವ ಆಸೆ ಬೇಡ. ಅದರ ಸೂಕ್ಷ್ಮ ಏಣುಗಳಿಗೆ ಬಟ್ಟೆಯ ಎಳೆ ಸಿಕ್ಕಿಕೊಳ್ಳುತ್ತದೆ, ಆಲ್ಕೊಹಾಲ್ ಒಣಗಿದ ಗುರುತು ಬೆಳಕಿನಲ್ಲಿ ಎದ್ದು ಕಾಣುತ್ತದೆ. ಲೈಟ್ ಗೈಡ್‌ಗೆ ಬೆರಳು ತಗುಲಿದರೆ ಆ ಜಾಗ ಹೊಳೆಯುವ ಮಚ್ಚೆಯಾಗುತ್ತದೆ. ಅರೆದ ಹುಳುವಿನ ಕಲೆ ಇವುಗಳ ಮೇಲಿದ್ದರೆ, ಗಾಜು ಒಡೆದು ಬಿಸಾಡಿದ ಅದೇ ಮಾದರಿಯ ಡಿಸ್ಪ್ಲೇ ಒಂದನ್ನು ರಿಪೇರಿ ಅಂಗಡಿಯಲ್ಲಿ ಕೇಳಿ ತಂದು ಅದರ ಹಾಳೆಯನ್ನೇ ಹಾಕುವುದು ಲೇಸು. ಒಡೆದ ಡಿಸ್ಪ್ಲೇಗಳಲ್ಲಿ ಬ್ಯಾಕ್‌ಲೈಟ್ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ.

ಮುಚ್ಚುವುದು

ಅಂಟಿಸುವ ಮೊದಲು ಕೇಬಲ್‌ಗಳನ್ನು ಜೋಡಿಸಿ, ಬ್ಯಾಟರಿ ಬಿಡಿಸಿದ್ದರೆ ಕೊನೆಗೆ ಅದನ್ನು ಜೋಡಿಸಿ, ಆನ್ ಮಾಡಿ. ಬಿಳಿ ಚಿತ್ರ ತುಂಬಿಸಿ ಚುಕ್ಕೆ ಹುಡುಕಿ. ಆಫ್ ಮಾಡಿ ಓರೆ ಟಾರ್ಚಿನಲ್ಲಿ ಧೂಳು ಹುಡುಕಿ. ಟಚ್ ಪರೀಕ್ಷಿಸಲು ಚಿತ್ರ ಬಿಡಿಸುವ ಆ್ಯಪ್‌ನಲ್ಲಿ ಇಡೀ ಪರದೆಯನ್ನು ಬೆರಳಿನಿಂದ ಬಣ್ಣ ತುಂಬಿಸಿ, ಎಲ್ಲಿ ಬಣ್ಣ ಹತ್ತುವುದಿಲ್ಲವೋ ಅಲ್ಲಿ ಟಚ್ ಕೆಲಸ ಮಾಡುತ್ತಿಲ್ಲ. ಯಾರೂ ಮುಟ್ಟದೆ ಗೆರೆ ಬಿದ್ದರೆ ಕೇಬಲ್ ಮಡಿಚಿದೆ ಅಥವಾ ಕನೆಕ್ಟರ್ ಸರಿಯಾಗಿ ಕೂತಿಲ್ಲ.

ಫ್ರೇಮ್‌ನಲ್ಲಿ ಉಳಿದ ಹಳೆಯ ಅಂಟನ್ನು ಪೂರ್ತಿ ಕೆರೆದು ಆಲ್ಕೊಹಾಲ್‌ನಿಂದ ಒರೆಸಿ. ಹಳೆಯ ಅಂಟಿನ ಗಂಟು ಉಳಿದರೆ ಅಲ್ಲಿ ಗಾಜು ಎದ್ದು, ಮುಂದಿನ ಹುಳುವಿಗೆ ಅದೇ ಬಾಗಿಲು. ಟೇಪ್ ಆದರೆ ಮೂಲೆಗಳಲ್ಲೂ ಸಂದಿ ಬಿಡದೆ ಹಾಕಿ. ಬಿ-7000 ಆದರೆ ತೆಳುವಾದ ಒಂದೇ ಎಳೆ, ಎರಡು ನಿಮಿಷ ಗಾಳಿಗೆ ಬಿಟ್ಟು ಕೂರಿಸಿ. ಹೆಚ್ಚು ಹಾಕಿದರೆ ಎಲ್‌ಸಿಡಿಗೆ ಹರಿಯುತ್ತದೆ, ಸ್ಪೀಕರ್ ಜಾಲರಿ ಮುಚ್ಚುತ್ತದೆ. ಅಗಲವಾದ ರಬ್ಬರ್ ಬ್ಯಾಂಡ್ ಸುತ್ತಿ 24 ಗಂಟೆ ಬಿಡಿ. ನಡುಭಾಗಕ್ಕೆ ಭಾರ ಹೇರಬೇಡಿ. ಬಿಚ್ಚಿದ ಸಾಧನಕ್ಕೆ ನೀರು ತಡೆಯುವ ಹಿಂದಿನ ಗುಣ ಉಳಿಯುವುದಿಲ್ಲ ಎಂದೇ ತಿಳಿದು ಬಳಸಿ.

ಮತ್ತೆ ಬರದಂತೆ

ಸೊಳ್ಳೆ ಜಾಲರಿಯ ಕಣ್ಣು 1 ಮಿ.ಮೀ.ಗಿಂತ ದೊಡ್ಡದು, ಥ್ರಿಪ್ಸ್ ಅದರಲ್ಲಿ ಸಲೀಸಾಗಿ ಬರುತ್ತದೆ. ಪಾಲಿಹೌಸ್‌ಗಳಲ್ಲಿ ಅದನ್ನು ತಡೆಯಲು 0.2 ಮಿ.ಮೀ. ಆಸುಪಾಸಿನ ಕಣ್ಣಿನ ಬಲೆ ಬೇಕಾಗುತ್ತದೆ, ಮನೆಯ ಕಿಟಕಿಗೆ ಅದು ಹಾಕಿದರೆ ಗಾಳಿಯೇ ಬಾರದು. ಹಾಗಾಗಿ ಬೆಳಕಿನ ಲೆಕ್ಕ ನೋಡುವುದೇ ಸುಲಭ. ತೋಟ, ಹೊಲದ ಪಕ್ಕದ ಮನೆಯಲ್ಲಿ ಮುಸ್ಸಂಜೆಯಿಂದ ಕಿಟಕಿ ಮುಚ್ಚಿ, ಕತ್ತಲಲ್ಲಿ ಸ್ಕ್ರೀನ್ ಒಂದನ್ನೇ ಉರಿಸಬೇಡಿ, ಕೋಣೆಯ ಇನ್ನೊಂದು ಮೂಲೆಯಲ್ಲಿ ಅದಕ್ಕಿಂತ ಪ್ರಖರವಾದ ದೀಪವಿರಲಿ. ಚಾರ್ಜಿಗೆ ಹಾಕಿದ ಟ್ಯಾಬನ್ನು ಕಿಟಕಿ ಕಟ್ಟೆಯ ಮೇಲೆ ಸ್ಕ್ರೀನ್ ಆನ್ ಇಟ್ಟು ಬಿಡಬೇಡಿ. ಹೂದಾನಿ, ಮುಡಿಯುವ ಹೂವು, ಮಾರುಕಟ್ಟೆಯಿಂದ ತಂದ ಸೊಪ್ಪಿನ ಪಕ್ಕ ಸಾಧನ ಇಡಬೇಡಿ, ಥ್ರಿಪ್ಸ್ ಅವುಗಳ ಜತೆಗೇ ಮನೆಗೆ ಬರುತ್ತದೆ. ಮಳೆಗಾಲದಲ್ಲಿ ಬಳಸದ ಟ್ಯಾಬನ್ನು ಪುಸ್ತಕದ ಕಪಾಟಿನ ಬದಲು ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಚೀಲಗಳ ಜತೆ ಇಡಿ. ಚೀಲದ ಕಾಳು ಬಣ್ಣ ಬದಲಿಸಿದರೆ ಒಣಗಿಸಿ ಮತ್ತೆ ಹಾಕಿ. ವರ್ಷಕ್ಕೆರಡು ಸಲ ಕವರ್ ಬಿಚ್ಚಿ ಗಾಜಿನ ನಾಲ್ಕೂ ಅಂಚಿನಲ್ಲಿ ಉಗುರು ಆಡಿಸಿ ನೋಡಿ. ಎಲ್ಲಾದರೂ ಉಗುರು ಸಿಕ್ಕಿಕೊಂಡರೆ ಅಲ್ಲಿ ಅಂಟು ಬಿಟ್ಟಿದೆ, ಆ ಜಾಗವನ್ನು ಮಳೆ ಹಿಡಿಯುವ ಮೊದಲೇ ಅಂಟಿಸಿಕೊಳ್ಳಿ.